ಮೂರು ಕ್ಯಾಪ್ಸೂಲಿನ ಪೊಟ್ಟಣ: ವಾಂತಿ ತಡೆಯುವ ಅಪ್ರೆಪಿಟೆಂಟ್ ಬಗ್ಗೆ ಒಂದು ವಿಮರ್ಶೆ

ಅಂಗೈಯಲ್ಲಿ ಹಿಡಿಸುವ ಒಂದು ರಟ್ಟಿನ ಮಡಿಕೆ, ಅದರೊಳಗೆ ಸಾಲಾಗಿ ಮೂರು ಕ್ಯಾಪ್ಸೂಲು. ಮೊದಲನೆಯದರ ಟೋಪಿ ಗುಲಾಬಿ ಬಣ್ಣದ್ದು, ಅದರ ಕೆಳಗೆ 125 ಎಂದು ಅಚ್ಚಾಗಿದೆ. ಉಳಿದೆರಡು ಪೂರ್ತಿ ಬಿಳಿ, ಅವುಗಳ ಕೆಳಗೆ 80 ಎಂದಿದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಸಗಸೆ ಅಲುಗಿದಂಥ ಸಣ್ಣ ಸದ್ದು ಬರುತ್ತದೆ, ಏಕೆಂದರೆ ಒಳಗಿರುವುದು ಪುಡಿಯಲ್ಲ, ಸಣ್ಣ ಸಣ್ಣ ಮಣಿಗಳು. ಕೀಮೋಥೆರಪಿಯ ವಾಂತಿಯನ್ನು ತಡೆಯಲು ಕೊಡುವ ಅಪ್ರೆಪಿಟೆಂಟ್ ಎಂಬ ಔಷಧಿ ನಮ್ಮ ಮನೆಗೆ ಬಂದದ್ದು ಈ ರೂಪದಲ್ಲಿ. ನನ್ನ ಹೆಂಡತಿಗೆ ಸ್ತನ ಕ್ಯಾನ್ಸರಿಗೆ ನಾಲ್ಕು ಸುತ್ತು ಕೀಮೋ ಆದ ಮೂರು ತಿಂಗಳಲ್ಲಿ ಇಂಥ ಪೊಟ್ಟಣಗಳನ್ನು ಬಳಸಿದ್ದೇವೆ. ಭಾರತದಲ್ಲಿ ಹಲವು ಕಂಪನಿಗಳು ಇದನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ನಾನು ಬರೆಯುತ್ತಿರುವುದು ಯಾವುದೋ ಒಂದು ಕಂಪನಿಯ ಬ್ರಾಂಡಿನ ಬಗ್ಗೆ ಅಲ್ಲ, ಔಷಧಿಯ ಬಗ್ಗೆ ಮತ್ತು ಅದನ್ನು ಬಳಸುವ ರೀತಿಯ ಬಗ್ಗೆ. ಅದರ ಜೊತೆಗೆ, ಹಾಸನದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಜೀವರಸಾಯನ ಶಾಸ್ತ್ರ ಪಾಠ ಮಾಡಿದವನಾದ್ದರಿಂದ, ಈ ಕ್ಯಾಪ್ಸೂಲು ಎಲ್ಲಿಂದ ಬಂತು ಎಂಬುದನ್ನೂ ಬರೆಯದೆ ಇರಲಾರೆ. ಅದರ ಹಿಂದೆ ಒಬ್ಬ ವಿಜ್ಞಾನಿಯ ಇಡೀ ವೃತ್ತಿಜೀವನ ಇದೆ.

ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಮೊದಲ ಸುತ್ತಿನ ಹಿಂದಿನ ದಿನ ಬರೆದುಕೊಟ್ಟ ಚೀಟಿಯಲ್ಲಿ ಮೂರು ಕ್ಯಾಪ್ಸೂಲಿನ ಪೊಟ್ಟಣವೇ ಇತ್ತು. ಆದರೆ ನಾವು ಹೋದ ಔಷಧಿ ಅಂಗಡಿಯಲ್ಲಿ ಪೂರ್ತಿ ಪೊಟ್ಟಣ ಮುಗಿದಿತ್ತು. ಕೌಂಟರಿನಲ್ಲಿದ್ದ ಹುಡುಗ 125ರದ್ದು ಒಂದನ್ನೇ ಬಿಡಿಯಾಗಿ ಕೊಟ್ಟು, "ಮುಖ್ಯವಾದ್ದು ಇದೇ ಸಾರ್, ಮಿಕ್ಕಿದ್ದು ಬೇಕಾದ್ರೆ ನೋಡ್ಕೋಬಹುದು" ಎಂದ. ನಾನೂ ಒಪ್ಪಿಕೊಂಡೆ. ಪಾಠ ಮಾಡಿದವನಿಗೆ ಆ ಹೊತ್ತಿನಲ್ಲಿ ಒಂದು ಪ್ರಶ್ನೆ ಕೇಳಬೇಕು ಎನ್ನಿಸಲಿಲ್ಲ, ಅದು ನನ್ನದೇ ತಪ್ಪು. ಬೆಂಗಳೂರಿನಲ್ಲಿ ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಎರಡು ಕೀಮೋ ಔಷಧಿಗಳೂ ಇಳಿದ ದಿನ ಆಕೆ ಗಟ್ಟಿಯಾಗಿಯೇ ಇದ್ದಳು, ರಾತ್ರಿ ಎರಡು ಇಡ್ಲಿಯನ್ನೂ ತಿಂದಳು. ಇಷ್ಟೇ ತಾನೆ ಎಂದುಕೊಂಡು ಮರುದಿನ ಮಧ್ಯಾಹ್ನ ಕಾರಿನಲ್ಲಿ ಹಾಸನಕ್ಕೆ ಹೊರಟೆವು. ಕುಣಿಗಲ್ ದಾಟುವಾಗ ಶುರುವಾದ ವಾಂತಿ ಬೆಳ್ಳೂರು ಕ್ರಾಸಿನಲ್ಲಿ ಒಮ್ಮೆ, ಹಿರೀಸಾವೆಯಲ್ಲಿ ಇನ್ನೊಮ್ಮೆ ಗಾಡಿ ನಿಲ್ಲಿಸುವಂತೆ ಮಾಡಿತು. ಮನೆ ಸೇರಿದ ಮೇಲೂ ಎರಡು ದಿನ ಅದು ಬಿಡಲಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಓಕರಿಕೆ ಬರುತ್ತಿತ್ತು, ನೀರು ಕುಡಿದರೆ ಅದೂ ಹೊರಗೆ ಬರುತ್ತಿತ್ತು.

ಎರಡನೆಯ ಸುತ್ತಿನಿಂದ ಪೂರ್ತಿ ಪೊಟ್ಟಣ ತೆಗೆದುಕೊಂಡೆವು. ಡ್ರಿಪ್ ಹಾಕುವುದಕ್ಕೆ ಒಂದು ಗಂಟೆ ಮುಂಚೆ 125 ಮಿಲಿಗ್ರಾಂ, ಮರುದಿನ ಬೆಳಿಗ್ಗೆ 80, ಅದರ ಮರುದಿನ ಬೆಳಿಗ್ಗೆ ಇನ್ನೊಂದು 80. ಆ ಸುತ್ತಿನಲ್ಲಿ ಒಂದೇ ಒಂದು ಸಲ, ಮೂರನೆಯ ದಿನ ಸಂಜೆ, ವಾಂತಿಯಾಯಿತು. ಮೂರನೆಯ ಮತ್ತು ನಾಲ್ಕನೆಯ ಸುತ್ತುಗಳಲ್ಲಿ ಅದೂ ಆಗಲಿಲ್ಲ. ಇದನ್ನು ಓದಿ ಕ್ಯಾಪ್ಸೂಲಿಗೇ ಪೂರ್ತಿ ಅಂಕ ಕೊಡುವುದು ನ್ಯಾಯವಲ್ಲ. ಎರಡನೆಯ ಸುತ್ತಿನಲ್ಲಿ ವೈದ್ಯರು ಜೊತೆಯ ಮಾತ್ರೆಗಳನ್ನೂ ಸ್ವಲ್ಪ ಬದಲಾಯಿಸಿದ್ದರು, ನಾವು ಮರುದಿನವೇ ಪ್ರಯಾಣ ಮಾಡುವ ಹುಂಬತನವನ್ನು ಬಿಟ್ಟು ಬನಶಂಕರಿಯಲ್ಲಿರುವ ನಾದಿನಿಯ ಮನೆಯಲ್ಲಿ ನಾಲ್ಕು ದಿನ ಉಳಿದುಕೊಂಡಿದ್ದೆವು. ಒಬ್ಬರ ಮೇಲೆ ನಡೆದದ್ದನ್ನು ಪ್ರಯೋಗ ಎನ್ನಲಾಗದು. ಆದ್ದರಿಂದ ನೂರಾರು ಜನರ ಮೇಲೆ ನಡೆದ ಪರೀಕ್ಷೆಗಳ ಅಂಕಿಗಳನ್ನು ಮುಂದೆ ಕೊಡುತ್ತೇನೆ.

ಅದಕ್ಕೆ ಮುಂಚೆ ಒಂದು ಪ್ರಶ್ನೆ ಇತ್ಯರ್ಥವಾಗಬೇಕು. ಡ್ರಿಪ್ ಹಾಕಿದ ದಿನ ಚೆನ್ನಾಗಿದ್ದವಳು ಮರುದಿನ ಏಕೆ ಕುಸಿದಳು? ಕೀಮೋ ಔಷಧಿ ಸಣ್ಣ ಕರುಳಿನ ಒಳಪದರದ ಕೆಲವು ಕೋಶಗಳನ್ನು ಕೆಣಕಿದಾಗ ಅವು ಸೆರೊಟೋನಿನ್ ಅನ್ನು ಹೊರಹಾಕುತ್ತವೆ. ಅದು ವೇಗಸ್ ನರದ ಮೂಲಕ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತದೆ. ಮೊದಲ ದಿನದ ವಾಂತಿಯಲ್ಲಿ ದೊಡ್ಡ ಪಾಲು ಇದರದು, ಅದನ್ನು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಆಂಡಾನ್‌ಸೆಟ್ರಾನ್. ಎರಡನೆಯ ದಿನದಿಂದ ಐದನೆಯ ದಿನದವರೆಗಿನ ವಾಂತಿಯ ಯಜಮಾನ ಬೇರೆ. ಅದು ಸಬ್‌ಸ್ಟೆನ್ಸ್ ಪಿ ಎಂಬ ನ್ಯೂರೋಪೆಪ್ಟೈಡ್, ಅಂದರೆ ನರಕೋಶಗಳು ಪರಸ್ಪರ ಸುದ್ದಿ ಕಳಿಸಲು ಬಳಸುವ ಒಂದು ಕಿರು ಪ್ರೋಟೀನ್ ತುಣುಕು. ಅದು ಹೋಗಿ ಕೂರುವ ಜಾಗಕ್ಕೆ ಎನ್‌ಕೆ-1 ರಿಸೆಪ್ಟರ್ ಎಂದು ಹೆಸರು. ನಮ್ಮ ಪಠ್ಯಪುಸ್ತಕಗಳು ರಿಸೆಪ್ಟರ್ ಎಂಬುದನ್ನು ಗ್ರಾಹಕ ಎಂದು ಬರೆಯುತ್ತವೆ. ಔಷಧಿ ಅಂಗಡಿಯ ವಿಷಯ ಬರೆಯುವಾಗ ಯಾವ ಗ್ರಾಹಕ ಎಂಬ ಗೊಂದಲ ಬೇಡವೆಂದು ನಾನು ರಿಸೆಪ್ಟರ್ ಎಂದೇ ಬರೆಯುತ್ತಿದ್ದೇನೆ. ಅಪ್ರೆಪಿಟೆಂಟ್ ಮಾಡುವ ಕೆಲಸ ಒಂದೇ. ರಕ್ತದಿಂದ ಮೆದುಳಿಗೆ ದಾಟಿ ಆ ರಿಸೆಪ್ಟರುಗಳ ಮೇಲೆ ತಾನು ಕುಳಿತುಬಿಡುತ್ತದೆ. ಕರೆಗಂಟೆಯ ಗುಂಡಿಯ ಮೇಲೆ ಯಾರೋ ಮುಚ್ಚಳ ಹಾಕಿದ ಹಾಗೆ. ಬಂದವರು ಎಷ್ಟು ಒತ್ತಿದರೂ ಒಳಗೆ ಸದ್ದಾಗುವುದಿಲ್ಲ. ಗುಂಡಿ ಒತ್ತಿದ್ದರೆ ಕೋಶದ ಒಳಗೆ ಜಿ-ಪ್ರೋಟೀನ್ ಎಚ್ಚೆತ್ತು, ಅದು ಫಾಸ್ಫೊಲೈಪೇಸ್ ಸಿ ಎಂಬ ಕಿಣ್ವವನ್ನು ಎಬ್ಬಿಸಿ, ಕೊನೆಗೆ ಕೋಶದ ಉಗ್ರಾಣದಲ್ಲಿದ್ದ ಕ್ಯಾಲ್ಸಿಯಂ ಹೊರಗೆ ನುಗ್ಗಿ ನರಕೋಶ ಕೆರಳುತ್ತಿತ್ತು. ಮುಚ್ಚಳ ಇದ್ದರೆ ಈ ಸರಪಣಿಯ ಮೊದಲ ಕೊಂಡಿಯೇ ಕದಲುವುದಿಲ್ಲ.

ಈಗ ಆ ವಿಜ್ಞಾನಿಯ ವಿಷಯ. ಸಬ್‌ಸ್ಟೆನ್ಸ್ ಪಿ ಮೊದಲು ಕಣ್ಣಿಗೆ ಬಿದ್ದದ್ದು 1931ರಲ್ಲಿ, ಲಂಡನ್ನಿನಲ್ಲಿ. ಸ್ವೀಡನ್ನಿನಿಂದ ಬಂದಿದ್ದ ಉಲ್ಫ್ ಫಾನ್ ಆಯ್ಲರ್ ಮತ್ತು ಜಾನ್ ಗ್ಯಾಡಮ್ ಕುದುರೆಯ ಕರುಳು ಮತ್ತು ಮೆದುಳಿನಿಂದ ತೆಗೆದ ಸಾರವೊಂದು ಮೊಲದ ರಕ್ತದೊತ್ತಡವನ್ನು ಇಳಿಸುತ್ತದೆ, ಕರುಳಿನ ತುಂಡನ್ನು ಕುಗ್ಗಿಸುತ್ತದೆ ಎಂದು ಕಂಡರು. ಅವರ ಟಿಪ್ಪಣಿಗಳಲ್ಲಿ ಆ ಸಾರಕ್ಕೆ ಬಳಸಿದ ಗುರುತಿನ ಅಕ್ಷರ ಪಿ, ಅದೇ ಹೆಸರಾಗಿ ನಿಂತುಬಿಟ್ಟಿತು. ಮುಂದಿನ ನಲವತ್ತು ವರ್ಷ ಅದು ಪೆಪ್ಟೈಡ್ ಎಂದು ಗೊತ್ತಿದ್ದರೂ ಅದರ ಒಳರಚನೆ ಯಾರಿಗೂ ಸಿಗಲಿಲ್ಲ. ಶುದ್ಧವಾಗಿ ಕೈಗೆ ಸಿಕ್ಕದ ವಸ್ತುವಿನ ಬಗ್ಗೆ ಎಷ್ಟು ಪ್ರಬಂಧ ಬರೆದರೂ ಅದು ಹೊಗೆಯನ್ನು ಗಂಟು ಕಟ್ಟಿದ ಹಾಗೆ.

ಆ ಗಂಟನ್ನು ಬಿಚ್ಚಿದವರು ಸೂಸನ್ ಲೀಮನ್. 1930ರಲ್ಲಿ ಶಿಕಾಗೊದಲ್ಲಿ ಹುಟ್ಟಿದ ಅವರು ರ‍್ಯಾಡ್‌ಕ್ಲಿಫ್‌ನಲ್ಲಿ ಡಾಕ್ಟರೇಟ್ ಮುಗಿಸಿ ಬಾಸ್ಟನ್ನಿನ ಹತ್ತಿರದ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಸಬ್‌ಸ್ಟೆನ್ಸ್ ಪಿಯನ್ನಲ್ಲ ಎಂಬುದು ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ. ಮೈ ಒತ್ತಡಕ್ಕೆ ಸಿಕ್ಕಿದಾಗ ಪಿಟ್ಯುಟರಿ ಗ್ರಂಥಿಗೆ ಆಜ್ಞೆ ಕೊಡುವ ಒಂದು ಹಾರ್ಮೋನನ್ನು ಅವರು ದನದ ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನಿಂದ ಬೇರ್ಪಡಿಸಲು ಹೊರಟಿದ್ದರು. ಸಾರವನ್ನು ಭಾಗ ಭಾಗವಾಗಿ ಸೋಸಿ, ಒಂದೊಂದು ಭಾಗವನ್ನೂ ಇಲಿಗೆ ಚುಚ್ಚಿ ಪರಿಣಾಮ ನೋಡುವುದು ದಿನನಿತ್ಯದ ಕೆಲಸ. ಅದರಲ್ಲಿ ಒಂದು ಭಾಗವನ್ನು ಚುಚ್ಚಿದಾಗಲೆಲ್ಲ ಅರಿವಳಿಕೆಯಲ್ಲಿ ಮಲಗಿದ್ದ ಇಲಿಯ ಬಾಯಿಂದ ಜೊಲ್ಲು ಧಾರಾಳವಾಗಿ ಸುರಿಯುತ್ತಿತ್ತು.

ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಯಾರಿಗಾದರೂ ಗೊತ್ತು, ಇಂಥ ಜೊಲ್ಲು ಒಂದು ಕಿರಿಕಿರಿ. ಬೇಕಾದ ವಸ್ತು ಅಲ್ಲಿಲ್ಲ, ಬೇಡದ್ದು ಸುರಿಯುತ್ತಿದೆ ಎಂದು ಒರೆಸಿ ಮುಂದಿನ ಶೀಶೆಗೆ ಹೋಗುವವರೇ ಹೆಚ್ಚು. ನಾನಿದ್ದಿದ್ದರೆ ಹಾಗೆಯೇ ಮಾಡುತ್ತಿದ್ದೆ. ಲೀಮನ್ ಆ ಜೊಲ್ಲನ್ನೇ ಅಳತೆಗೋಲು ಮಾಡಿಕೊಂಡರು. ಸಾಮಾನ್ಯವಾಗಿ ಜೊಲ್ಲನ್ನು ನಿಲ್ಲಿಸುವ ಅಟ್ರೊಪೀನ್ ಕೊಟ್ಟರೂ ಇದು ನಿಲ್ಲುವುದಿಲ್ಲ ಎಂದು ಕಂಡಾಗ, ಇದು ಗೊತ್ತಿರುವ ನರವಾಹಕಗಳ ಕೆಲಸವಲ್ಲ ಎಂಬುದು ಖಚಿತವಾಯಿತು. 1967ರಲ್ಲಿ ಅದನ್ನು ಪ್ರಕಟಿಸಿದರು. ಆಮೇಲೆ ಆಸ್ಟ್ರಿಯಾದ ಫ್ರೆಡ್ ಲೆಂಬೆಕ್ ಅವರ ಗುಂಪು ಸಬ್‌ಸ್ಟೆನ್ಸ್ ಪಿಯೂ ಜೊಲ್ಲು ಸುರಿಸುತ್ತದೆ ಎಂದು ತೋರಿಸಿದ್ದರಿಂದ ಎರಡೂ ಒಂದೇ ಇರಬಹುದೆಂಬ ಎಳೆ ಸಿಕ್ಕಿತು. ಕಿಲೋಗಟ್ಟಲೆ ಹೈಪೊಥಲಾಮಸ್‌ ಅನ್ನು ಸೋಸಿ ಸೋಸಿ ಲೀಮನ್ ಮತ್ತು ಅವರ ವಿದ್ಯಾರ್ಥಿ ಮೈಕೇಲ್ ಚಾಂಗ್ 1970ರಲ್ಲಿ ಆ ಪೆಪ್ಟೈಡನ್ನು ಶುದ್ಧವಾಗಿ ಬೇರ್ಪಡಿಸಿ, ಅದು ಸಬ್‌ಸ್ಟೆನ್ಸ್ ಪಿಯೇ ಎಂದು ತೋರಿಸಿದರು. ಮರುವರ್ಷ ಹ್ಯೂ ನಯಲ್ ಅವರೊಂದಿಗೆ ಅದರ ಜೋಡಣೆಯನ್ನೂ ಓದಿದರು. ಹನ್ನೊಂದು ಅಮೈನೊ ಆಮ್ಲಗಳ ಸರ ಅದು: ಆರ್ಜಿನೀನ್, ಪ್ರೋಲೀನ್, ಲೈಸೀನ್, ಮತ್ತೆ ಪ್ರೋಲೀನ್, ಎರಡು ಗ್ಲುಟಮೀನ್, ಎರಡು ಫಿನೈಲ್ಅಲನೀನ್, ಗ್ಲೈಸೀನ್, ಲ್ಯೂಸೀನ್, ಕೊನೆಗೆ ಬಾಲದಲ್ಲಿ ಅಮೈಡ್ ಕಟ್ಟಿಕೊಂಡ ಮೆಥಿಯೊನೀನ್. ಅವರು ಮೊದಲು ಹುಡುಕುತ್ತಿದ್ದ ಒತ್ತಡದ ಹಾರ್ಮೋನ್ ಸಿಕ್ಕಿದ್ದು ಹತ್ತು ವರ್ಷ ಕಳೆದು, 1981ರಲ್ಲಿ, ಕ್ಯಾಲಿಫೋರ್ನಿಯಾದ ವೈಲಿ ವೇಲ್ ಅವರ ಕೈಗೆ.

ಜೋಡಣೆ ಗೊತ್ತಾದ ಮೇಲೆ ಕೆಲಸ ಓಡಿತು. ಸಬ್‌ಸ್ಟೆನ್ಸ್ ಪಿಯನ್ನು ಶೀಶೆಯಲ್ಲಿ ಕೃತಕವಾಗಿ ಮಾಡಬಹುದಾಯಿತು, ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಬಹುದಾಯಿತು, ಆ ಪ್ರತಿಕಾಯಗಳಿಂದ ಮೆದುಳಿನ ಯಾವ ಮೂಲೆಯಲ್ಲಿ ಎಷ್ಟಿದೆ ಎಂದು ಅಳೆಯಬಹುದಾಯಿತು. ಲೀಮನ್ ಅದೇ ಸೋಸುವಿಕೆಯ ಹಾದಿಯಲ್ಲಿ ಇನ್ನೊಂದನ್ನೂ ಗಮನಿಸಿದ್ದರು: ಬೇರೊಂದು ಭಾಗವನ್ನು ಚುಚ್ಚಿದಾಗ ಇಲಿಯ ಚರ್ಮ ಕೂದಲಿಲ್ಲದ ಕಡೆ ಕೆಂಪಗಾಗುತ್ತಿತ್ತು. ರಾಬರ್ಟ್ ಕ್ಯಾರವೇ ಜೊತೆಗೂಡಿ 1973ರಲ್ಲಿ ಅದರಿಂದ ಹದಿಮೂರು ಅಮೈನೊ ಆಮ್ಲಗಳ ನ್ಯೂರೋಟೆನ್ಸಿನ್ ಎಂಬ ಹೊಸ ಪೆಪ್ಟೈಡನ್ನೇ ಹೊರತೆಗೆದರು. ಒಂದು ಬಲೆ ಬೀಸಿ, ಬಯಸಿದ ಮೀನು ಸಿಕ್ಕದೆ, ಬೇರೆ ಎರಡನ್ನು ಹಿಡಿದವರು ಅವರು. ಹಾರ್ವರ್ಡ್, ಆಮೇಲೆ ವುಸ್ಟರಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ, ಕೊನೆಗೆ ಬಾಸ್ಟನ್ ವಿಶ್ವವಿದ್ಯಾಲಯ ಎಂದು ಜಾಗ ಬದಲಾದರೂ ವಿಷಯ ಬದಲಾಗಲಿಲ್ಲ. ಬಾಸ್ಟನ್ನಿನಲ್ಲಿ ಆ ಪೆಪ್ಟೈಡು ರಿಸೆಪ್ಟರಿನ ಯಾವ ಭಾಗಕ್ಕೆ ಅಂಟುತ್ತದೆ ಎಂಬುದನ್ನು ಬೆನ್ನುಹತ್ತಿದರು, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಎನ್‌ಕೆ-1 ತಡೆಯಿಂದ ಕಡಿಮೆ ಮಾಡಬಹುದೇ ಎಂದು ಶಸ್ತ್ರವೈದ್ಯರ ಜೊತೆ ಸೇರಿ ಪರೀಕ್ಷಿಸಿದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. 2025ರ ಜನವರಿಯಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟು ವರ್ಷ ತರಗತಿಯಲ್ಲಿ ನಾನು ಸಬ್‌ಸ್ಟೆನ್ಸ್ ಪಿಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ: ನೋವಿನ ಸುದ್ದಿ ಒಯ್ಯುವ ಪೆಪ್ಟೈಡ್. ಲೀಮನ್ ಅವರ ಹೆಸರನ್ನು ಒಮ್ಮೆಯೂ ಹೇಳಿದ ನೆನಪಿಲ್ಲ. ಔಷಧಿ ಕಂಪನಿಗಳೂ ಬಹುಮಟ್ಟಿಗೆ ಅದೇ ಒಂದು ಸಾಲನ್ನು ನಂಬಿ ದುಡ್ಡು ಸುರಿದವು. ಎನ್‌ಕೆ-1 ರಿಸೆಪ್ಟರಿನ ಜೀನನ್ನು ಜಪಾನಿನ ಕ್ಯೋಟೋದಲ್ಲಿ ನಕನಿಶಿಯವರ ಗುಂಪು 1989ರ ಹೊತ್ತಿಗೆ ಬೇರ್ಪಡಿಸಿತ್ತು. ಅದನ್ನು ಮುಚ್ಚುವ, ಪೆಪ್ಟೈಡ್ ಅಲ್ಲದ ಮೊದಲ ಸಣ್ಣ ಅಣುವನ್ನು ಫೈಜರ್ ಕಂಪನಿ 1991ರಲ್ಲಿ ಪ್ರಕಟಿಸಿತು. ನೋವಿಗೆ ಹೊಸ ಮದ್ದು ಬಂತು ಎಂದು ಎಲ್ಲರೂ ಅಂದುಕೊಂಡರು. ಮನುಷ್ಯರಲ್ಲಿ ಅದು ನೋವಿಗೆ ಕೆಲಸ ಮಾಡಲಿಲ್ಲ. ಮರ್ಕ್ ಕಂಪನಿ ಈಗಿನ ಅಪ್ರೆಪಿಟೆಂಟ್ ಅನ್ನೇ ಖಿನ್ನತೆಗೆ ಪ್ರಯೋಗಿಸಿ 1998ರಲ್ಲಿ ಒಳ್ಳೆಯ ಫಲ ಕಂಡಿತು. ದೊಡ್ಡ ಪರೀಕ್ಷೆಗಳಲ್ಲಿ ಅದೂ ಕೈಕೊಟ್ಟಿತು. ಉಳಿದದ್ದು ವಾಂತಿ. ಅದನ್ನು ಇಲಿಯಲ್ಲಿ ಕಂಡುಹಿಡಿಯುವ ಸಾಧ್ಯತೆಯೇ ಇರಲಿಲ್ಲ, ಏಕೆಂದರೆ ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಇಲಿಯ ಜೊಲ್ಲಿಗೂ ವಾಂತಿಗೆ ಮುಂಚೆ ನಮ್ಮ ಬಾಯಲ್ಲಿ ನೀರೂರುವುದಕ್ಕೂ ನಂಟು ಕಟ್ಟಲು ಮನಸ್ಸಾಗುತ್ತದೆ, ಆದರೆ ಇಲಿಯಲ್ಲಿ ಆ ಪೆಪ್ಟೈಡು ನೇರವಾಗಿ ಲಾಲಾಗ್ರಂಥಿಯ ಮೇಲೆ ಕೆಲಸ ಮಾಡುತ್ತದೆ. ಅದು ಬೇರೆ ವಿಷಯ. ವಾಂತಿಯ ಗುಣವನ್ನು ತೋರಿಸಿಕೊಟ್ಟದ್ದು ಫೆರೆಟ್ ಎಂಬ, ನಮ್ಮ ಮುಂಗುಸಿಯನ್ನು ನೆನಪಿಸುವ ಪ್ರಾಣಿ. ಅಲ್ಲಿಂದ ಹತ್ತು ವರ್ಷ ಹಿಡಿದು, 2003ರ ಮಾರ್ಚಿನಲ್ಲಿ ಅಪ್ರೆಪಿಟೆಂಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇನ್ನು ಅಂಕಿಗಳು. ಅತಿ ಹೆಚ್ಚು ವಾಂತಿ ತರುವ ಸಿಸ್‌ಪ್ಲಾಟಿನ್ ಪಡೆದವರಲ್ಲಿ, ಆಂಡಾನ್‌ಸೆಟ್ರಾನ್ ಮತ್ತು ಒಂದು ಸ್ಟೆರಾಯ್ಡ್ ಎಂಬ ಹಳೆಯ ಎರಡು ಔಷಧಿಗಳನ್ನಷ್ಟೇ ಕೊಟ್ಟಾಗ ಐದು ದಿನವೂ ವಾಂತಿಯಾಗದೆ, ಹೆಚ್ಚಿನ ಮದ್ದು ಬೇಕಾಗದೆ ಉಳಿದವರು ಒಂದು ಪರೀಕ್ಷೆಯಲ್ಲಿ ಶೇ. 52, ಅಪ್ರೆಪಿಟೆಂಟ್ ಸೇರಿಸಿದಾಗ ಶೇ. 73. ನನ್ನ ಹೆಂಡತಿಗೆ ಕೊಟ್ಟಂಥ ಕೀಮೋ ಪಡೆದ ಎಂಟುನೂರಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳ ಪರೀಕ್ಷೆ 2005ರಲ್ಲಿ ಪ್ರಕಟವಾಯಿತು. ಅದರಲ್ಲಿ ಇದೇ ಅಳತೆಯ ಫಲ ಶೇ. 42ರಿಂದ 51ಕ್ಕೆ ಮಾತ್ರ ಏರಿತ್ತು. ವಾಂತಿಯನ್ನಷ್ಟೇ ಎಣಿಸಿದರೆ ವ್ಯತ್ಯಾಸ ದೊಡ್ಡದು: ಒಮ್ಮೆಯೂ ವಾಂತಿಯಾಗದವರು ಶೇ. 59ರಿಂದ 76ಕ್ಕೆ ಏರಿದ್ದರು. ಹೊಟ್ಟೆ ತೊಳಸುವಿಕೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪೊಟ್ಟಣದ ಮೇಲೆ ವಾಂತಿ ಮತ್ತು ವಾಕರಿಕೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ಅದನ್ನು ನಂಬಿ ಕುಳಿತವರಿಗೆ ನಿರಾಸೆಯಾಗುತ್ತದೆ.

ನಮ್ಮಲ್ಲೂ ಹಾಗೆಯೇ ಆಯಿತು. ಎರಡನೆಯ ಸುತ್ತಿನ ಮೂರನೆಯ ದಿನ, ನೋಡು ಈ ಸಲ ಎಷ್ಟು ಆರಾಮ ಎಂದು ನಾನು ಬೀಗುತ್ತಿದ್ದಾಗ ಆಕೆ ಗೋಡೆಯ ಕಡೆ ತಿರುಗಿ ಮಲಗಿದ್ದವಳು, "ರೀ, ವಾಂತಿ ಆಗ್ತಿಲ್ಲ, ಅಷ್ಟೇ. ಒಳಗೆ ಹಾಗೇ ಇದೆ" ಎಂದಳು. ಒಗ್ಗರಣೆಯ ಇಂಗಿನ ವಾಸನೆ ಬಂದರೆ ಸೆರಗು ಮೂಗಿಗೆ ಹೋಗುತ್ತಿತ್ತು. ಬಿಸಿ ಅನ್ನದ ಹಬೆಯೂ ಆಗುತ್ತಿರಲಿಲ್ಲ. ಆರಿದ ಮಜ್ಜಿಗೆ ಅನ್ನ, ಅದರ ಮೇಲೆ ಹಳೆಯ ನಿಂಬೆ ಉಪ್ಪಿನಕಾಯಿಯ ರಸ, ಇಷ್ಟೇ ಒಳಗೆ ಹೋಗುತ್ತಿತ್ತು. ಇದನ್ನು ವೈದ್ಯರಿಗೆ ಹೇಳಿದಾಗ ಅವರು ಮೂರನೆಯ ಸುತ್ತಿಗೆ ರಾತ್ರಿ ಹೊತ್ತು ಒಲಾಂಜಪೀನ್ ಸೇರಿಸಿದರು. ಮೂಲತಃ ಮನೋರೋಗಗಳಿಗೆ ಕೊಡುವ ಮಾತ್ರೆ ಅದು. ಚೀಟಿಯಲ್ಲಿ ಅದರ ಹೆಸರು ನೋಡಿ ನಾದಿನಿ ಗಾಬರಿಯಾದಳು, ಆದರೆ ವಾಕರಿಕೆಯ ಮೇಲೆ ಅದಕ್ಕಿರುವ ಹಿಡಿತ 2016ರ ದೊಡ್ಡ ಪರೀಕ್ಷೆಯೊಂದರಲ್ಲಿ ಚೆನ್ನಾಗಿಯೇ ಸಾಬೀತಾಗಿದೆ. ಅದರ ತೂಕಡಿಕೆ ಕಡಿಮೆ ಮಾಡಲು 10 ಮಿಲಿಗ್ರಾಮಿನ ಬದಲು 2.5 ಸಾಕಾಗುತ್ತದೆ ಎಂದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 2024ರಲ್ಲಿ ತೋರಿಸಿದ್ದಾರೆ. ಹಾಗಾಗಿ ಅಪ್ರೆಪಿಟೆಂಟ್ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಯಾರೂ ಅಂದುಕೊಳ್ಳಬಾರದು. ವಾಂತಿಗೆ ನಾನು ಇದಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ವಾಕರಿಕೆಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ.

ಬಳಸುವ ರೀತಿಯಲ್ಲಿ ಎರಡು ಮೂರು ಸಂಗತಿ ಗಮನಿಸಬೇಕು. ಒಂದು ಗಂಟೆ ಮುಂಚೆ ಎಂಬುದನ್ನು ಸಡಿಲವಾಗಿ ತೆಗೆದುಕೊಳ್ಳಬಾರದು. ಗುಂಡಿ ಒತ್ತುವವರು ಬರುವುದಕ್ಕೆ ಮುಂಚೆ ಮುಚ್ಚಳ ಬಿದ್ದಿರಬೇಕು, ರಕ್ತದಲ್ಲಿ ಈ ಔಷಧಿ ಪೂರ್ತಿ ಏರಲು ಸುಮಾರು ನಾಲ್ಕು ಗಂಟೆ ಬೇಕು. ಡೇ ಕೇರ್ ವಾರ್ಡಿನಲ್ಲಿ ಹಾಸಿಗೆ ಯಾವಾಗ ಸಿಗುತ್ತದೆ ಎಂಬುದು ದೇವರಿಗೇ ಗೊತ್ತು, ಆದ್ದರಿಂದ ನಾವು ಕ್ಯಾಪ್ಸೂಲನ್ನು ಜೇಬಿನಲ್ಲಿಟ್ಟುಕೊಂಡು, ರಕ್ತಪರೀಕ್ಷೆಯ ವರದಿ ಸರಿಯಿದೆ ಎಂದು ನರ್ಸ್ ಹೇಳಿದ ಕೂಡಲೇ ನುಂಗಿಸುತ್ತಿದ್ದೆವು. ಮನೆಯಲ್ಲೇ ನುಂಗಿ ಹೊರಟು, ಬಿಳಿ ರಕ್ತಕಣ ಕಡಿಮೆ ಇದೆ, ಮುಂದಿನ ವಾರ ಬನ್ನಿ ಎನ್ನಿಸಿಕೊಂಡವರನ್ನು ಪಕ್ಕದ ಕುರ್ಚಿಯಲ್ಲಿ ನೋಡಿದ್ದೇನೆ. ಆ ಕ್ಯಾಪ್ಸೂಲು ದಂಡ. ಊಟದ ಮುಂಚೆಯೋ ನಂತರವೋ ಎಂಬ ಚಿಂತೆ ಬೇಡ. ಈ ವಸ್ತು ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಮೊದಲು ತಯಾರಿಸಿದವರು ಅದನ್ನು ಮೈಕ್ರಾನಿಗಿಂತ ಸಣ್ಣ ಕಣಗಳಾಗಿ ಅರೆದು ಮಣಿಗಳಿಗೆ ಲೇಪಿಸಿದ್ದರಿಂದ ಹೊಟ್ಟೆ ತುಂಬಿದ್ದರೂ ಖಾಲಿಯಿದ್ದರೂ ಒಂದೇ ರೀತಿ ಹೀರಿಕೊಳ್ಳುತ್ತದೆ. ಎರಡನೆಯ ಮತ್ತು ಮೂರನೆಯ ದಿನದ ಬಿಳಿ ಕ್ಯಾಪ್ಸೂಲುಗಳ ಬಗ್ಗೆ ಮತ್ತೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ಅಂಗಡಿಯವರು ಏನೇ ಅನ್ನಲಿ, ಚೀಟಿಯಲ್ಲಿ ಬರೆದಿದ್ದರೆ ಅವು ಬೇಕೇ ಬೇಕು. ಇದು ಅರ್ಧದಷ್ಟು ಇಳಿಯಲು 9ರಿಂದ 13 ಗಂಟೆ ಸಾಕು. ವಾಂತಿಯ ಕಾಲ ಅದಕ್ಕಿಂತ ಬಹಳ ಉದ್ದ. ಮೂರು ದಿನ ನುಂಗಲು ಆಗದವರಿಗೆ ಫೋಸಪ್ರೆಪಿಟೆಂಟ್ ಎಂಬ, ರಕ್ತನಾಳಕ್ಕೆ ಒಂದೇ ಸಲ 150 ಮಿಲಿಗ್ರಾಂ ಕೊಡುವ ರೂಪವೂ ಇದೆ.

ಬೇರೆ ಔಷಧಿಗಳ ಜೊತೆ ಇದರ ವರ್ತನೆ ತುಸು ತಂಟೆಯದು. ಯಕೃತ್ತಿನಲ್ಲಿ ಔಷಧಿಗಳನ್ನು ಒಡೆಯುವ ಒಂದು ಮುಖ್ಯ ಕಿಣ್ವವನ್ನು ಅಪ್ರೆಪಿಟೆಂಟ್ ನಿಧಾನಿಸುತ್ತದೆ. ಅದರಿಂದ ಜೊತೆಯಲ್ಲಿ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ರಕ್ತದಲ್ಲಿ ಸುಮಾರು ಎರಡು ಪಟ್ಟಾಗುತ್ತದೆ. ಮೊದಲ ದಿನದ 20 ಮಿಲಿಗ್ರಾಮನ್ನು 12ಕ್ಕೆ ಇಳಿಸಿ ಬರೆಯುವುದು ಇದೇ ಕಾರಣಕ್ಕೆ. ಹಳೆಯ ಚೀಟಿ ಹಿಡಿದುಕೊಂಡು ತಾವೇ ಮಾತ್ರೆ ಕೂಡಿಸುವವರು ಇಲ್ಲಿ ಎಡವುತ್ತಾರೆ, ಸಕ್ಕರೆ ಕಾಯಿಲೆ ಇದ್ದವರಿಗೆ ಸ್ಟೆರಾಯ್ಡಿನ ಈ ಲೆಕ್ಕ ಸಣ್ಣದಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್‌ನ ಬಲವನ್ನು ಇದು ಕುಗ್ಗಿಸುತ್ತದೆ. ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ಕುಗ್ಗಿಸುತ್ತದೆ, ಕೊನೆಯ ಕ್ಯಾಪ್ಸೂಲಿನ ನಂತರ ಸುಮಾರು ಒಂದು ತಿಂಗಳವರೆಗೂ. ಇವೆಲ್ಲ ಪೊಟ್ಟಣದೊಳಗಿನ ಕಾಗದದಲ್ಲಿ ಇವೆ. ಆದರೆ ಆ ಕಾಗದದ ಅಕ್ಷರ ಇರುವೆಯ ಕಾಲಿನಷ್ಟು ಸಣ್ಣದು. ನಮಗೆ ಸಿಕ್ಕ ಪೊಟ್ಟಣದಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ. ಮೊದಲನೆಯ ದಿನ, ಎರಡನೆಯ ದಿನ ಎಂಬಷ್ಟನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿದರೆ ಹಳ್ಳಿಯಿಂದ ಬರುವ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ. ನಾನು ನಮ್ಮ ಪೊಟ್ಟಣದ ಮೇಲೆ ಪೆನ್ನಿನಲ್ಲಿ ಸೋಮವಾರ, ಮಂಗಳವಾರ, ಬುಧವಾರ ಎಂದು ಬರೆದಿಟ್ಟೆ.

ಬೆಲೆಯ ವಿಷಯದಲ್ಲಿ ನನ್ನ ಅಸಮಾಧಾನ ಔಷಧಿಯ ಮೇಲಲ್ಲ, ಮಾರುವ ರೀತಿಯ ಮೇಲೆ. ಒಂದೇ ಊರಿನ ಎರಡು ಅಂಗಡಿಗಳಲ್ಲಿ ಒಂದೇ ಪೊಟ್ಟಣಕ್ಕೆ ಒಂದು ಕಡೆ ಅಚ್ಚಾದ ಪೂರ್ತಿ ಬೆಲೆ ಕೊಟ್ಟೆ, ಇನ್ನೊಂದು ಕಡೆ ಅದರ ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿತು. ಒಳಗಿನ ವಸ್ತು ಒಂದೇ. ಮೂರನೆಯ ಸುತ್ತಿನಿಂದ, ಡ್ರಿಪ್‌ಗೆ ಒಂದು ವಾರ ಮುಂಚೆಯೇ ಎರಡು ಮೂರು ಕಡೆ ಫೋನು ಮಾಡಿ, ಪೂರ್ತಿ ಪೊಟ್ಟಣ ಇದೆಯೇ, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿಯೇ ಹೋಗುತ್ತಿದ್ದೆ. ಕೇಳಿದರೆ ರಿಯಾಯಿತಿ ಇದೆ, ಕೇಳದವನಿಗೆ ಇಲ್ಲ. ಕ್ಯಾನ್ಸರ್ ವಾರ್ಡಿನ ಹೊರಗೆ ಚೀಟಿ ಹಿಡಿದು ನಿಂತವನಿಗೆ ಚೌಕಾಸಿ ಮಾಡುವ ಮನಸ್ಸು ಎಲ್ಲಿಂದ ಬರಬೇಕು?

ಅಡ್ಡ ಪರಿಣಾಮಗಳಲ್ಲಿ ನಾವು ಕಂಡದ್ದು ಮಲಬದ್ಧತೆ, ಸುಸ್ತು ಮತ್ತು ಬಿಕ್ಕಳಿಕೆ. ಮೊದಲೆರಡಕ್ಕೆ ಆಂಡಾನ್‌ಸೆಟ್ರಾನ್ ಮತ್ತು ಕೀಮೋ ಕೂಡ ಪಾಲುದಾರರು, ಯಾರದ್ದು ಎಷ್ಟು ಎಂದು ಬಿಡಿಸಿ ಹೇಳಲಾಗದು. ಬಿಕ್ಕಳಿಕೆ ಈ ಔಷಧಿಯ ಕಾಗದದಲ್ಲೇ ನಮೂದಾಗಿದೆ, ಸ್ಟೆರಾಯ್ಡೂ ಅದಕ್ಕೆ ಕೈಜೋಡಿಸುತ್ತದೆ. ಎರಡನೆಯ ಮತ್ತು ಮೂರನೆಯ ದಿನ ಅದು ಹತ್ತು ಹದಿನೈದು ನಿಮಿಷ ಬಿಡದೆ ಬರುತ್ತಿತ್ತು. ನಾದಿನಿಯ ಮನೆಯ ಹಿರಿಯರು ಪ್ರತಿ ಸಲವೂ, ಹಾಸನದಲ್ಲಿ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುತ್ತಿದ್ದರು. ನಾಲ್ಕನೆಯ ಸುತ್ತಿನಲ್ಲಿ ಬಿಕ್ಕುತ್ತಲೇ ಆಕೆ, "ಇಷ್ಟು ಜನ ನೆನೆಸ್ಕೊಂಡ್ರೆ ಕಷ್ಟ ಕಣ್ರೀ, ಸ್ವಲ್ಪ ಮರೀರಿ ಅಂತ ಫೋನ್ ಮಾಡಿ ಹೇಳಿ" ಎಂದಳು. ಅಂದು ಮಧ್ಯಾಹ್ನ ಮಜ್ಜಿಗೆ ಅನ್ನದ ಬದಲು ಹೆಸರುಬೇಳೆ ತೊವ್ವೆ ಬೇಕೆಂದಳು, ಇಂಗು ಹಾಕದೆ.

ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಬೇರೆ ಕೀಮೋ ವಾರಕ್ಕೊಮ್ಮೆ ಶುರುವಾಯಿತು. ಅದು ಅಷ್ಟಾಗಿ ವಾಂತಿ ತರುವುದಿಲ್ಲವಾದ್ದರಿಂದ ವೈದ್ಯರು ಹೊಸ ಚೀಟಿಯಲ್ಲಿ ಅಪ್ರೆಪಿಟೆಂಟ್ ಬರೆಯಲಿಲ್ಲ. ನಾನು ಅಭ್ಯಾಸಬಲದಿಂದ ಅಂಗಡಿಗೆ ಫೋನು ಮಾಡಿ ಒಂದು ಪೊಟ್ಟಣ ತೆಗೆದಿರಿಸಲು ಹೇಳಿಬಿಟ್ಟಿದ್ದೆ. ಮರುದಿನ ಮತ್ತೆ ಫೋನು ಮಾಡಿ ಬೇಡ ಎಂದೆ.